ಎರಡು ತುಂಡಾದ ನೂರು ರೂಪಾಯಿ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: ಹತ್ತಿ ವ್ಯಾಪಾರಿಯಾಗಿದ್ದ ನಮ್ಮ ಮುತ್ತಜ್ಜನ ಪೆಟ್ಟಿಗೆಯಲ್ಲಿ 1908ರ ತಾರೀಖಿನ, ಬೊಂಬಾಯಿ ಎಂದು ಅಚ್ಚಾದ ನೂರು ರೂಪಾಯಿಯ ನೋಟೊಂದು ಸಿಕ್ಕಿದೆ. ಅದರಲ್ಲಿ ರಾಜನ ಚಿತ್ರವಿಲ್ಲ, ಹಿಂಬದಿಯಲ್ಲಿ ಯಾರದೋ ಕೈಬರಹ ಬಿಟ್ಟರೆ ಅಚ್ಚೇ ಇಲ್ಲ, ನಟ್ಟನಡುವೆ ಕತ್ತರಿಸಿ ಅಂಟಿಸಿದ್ದಾರೆ. ಇದು ಖೋಟಾ ನೋಟೇ? ಲ್ಯಾಮಿನೇಷನ್ ಮಾಡಿಸಿ ಮಾರಬಹುದೇ?

ಮಾನ್ಯರೇ,

ತಾವು ಕಳುಹಿಸಿದ ಛಾಯಾಚಿತ್ರವೊಂದನ್ನೇ ನಂಬಿ ನೋಟು ಅಸಲಿಯೆಂದು ಹೇಳಲಾರೆ. ಆದರೆ ತಮ್ಮ ಸಂದೇಹಕ್ಕೆ ಕಾರಣವಾದ ಮೂರು ಲಕ್ಷಣಗಳೂ ಆ ಕಾಲದ ಅಸಲಿ ನೋಟಿಗೆ ಸಹಜವಾದವು. 1861ರ ಕಾಯ್ದೆಯಿಂದ ನೋಟು ಹೊರಡಿಸುವ ಅಧಿಕಾರವನ್ನು ಬಂಗಾಳ, ಬೊಂಬಾಯಿ, ಮದ್ರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳಿಂದ ತನ್ನ ಕೈಗೆ ತೆಗೆದುಕೊಂಡ ಸರ್ಕಾರ ಮೊದಲು ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ನೋಟುಗಳನ್ನು ಹೊರಡಿಸಿತು. ಅವುಗಳ ನಕಲು ಹೆಚ್ಚಿದ್ದರಿಂದ ಅವನ್ನು ಹಿಂತೆಗೆದು, 1867ರಿಂದ ಚಿತ್ರವಿಲ್ಲದ, ಒಂದೇ ಬದಿಗೆ ಅಚ್ಚಾದ ಹೊಸ ಮಾಲಿಕೆಯನ್ನು ತಂದಿತು. ಐದನೆಯ ಜಾರ್ಜ್ ದೊರೆಯ ಭಾವಚಿತ್ರದ ಮಾಲಿಕೆ ಹತ್ತು ರೂಪಾಯಿಯ ನೋಟಿನೊಂದಿಗೆ ಆರಂಭವಾದದ್ದು 1923ರಲ್ಲಿ. ತಮ್ಮ ನೋಟಿನಲ್ಲಿ ರಾಜನ ಮುಖ ಕಂಡಿದ್ದರೆ ನಾನು ಅನುಮಾನಪಡುತ್ತಿದ್ದೆ.

ಇನ್ನು ಆ ಕತ್ತರಿ ಗಾಯದ ವಿಚಾರ. ನನಗೆ ಇಡೀ ನೋಟಿನಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಇದೇ. ದೊಡ್ಡ ಮೊತ್ತವನ್ನು ಅಂಚೆಯಲ್ಲಿ ಕಳುಹಿಸುವಾಗ ದಾರಿಯಲ್ಲಿ ಕಳುವಾದೀತೆಂದು ಅಂಜುತ್ತಿದ್ದ ವರ್ತಕರು ನೋಟನ್ನು ಎರಡಾಗಿ ಕತ್ತರಿಸಿ, ಮೊದಲು ಒಂದು ಹೋಳನ್ನು ಕಳುಹಿಸಿ, ಅದು ಮುಟ್ಟಿತೆಂಬ ಉತ್ತರ ಬಂದ ಮೇಲೆಯೇ ಇನ್ನೊಂದನ್ನು ಕಳುಹಿಸುತ್ತಿದ್ದರು. ಪಡೆದವರು ಎರಡನ್ನೂ ಅಂಟಿಸಿ ನಗದು ಮಾಡಿಸಿಕೊಳ್ಳುತ್ತಿದ್ದರು. ಬೊಂಬಾಯಿಯ ಹತ್ತಿ ಪೇಟೆಯಿಂದ ಹುಬ್ಬಳ್ಳಿಗೆ ತಮ್ಮ ನೋಟು ಹೀಗೆ ಬಂದಿರಬಹುದೆಂಬುದು ನನ್ನ ಊಹೆ. ಆಗ ನೋಟುಗಳು ಆಯಾ ವೃತ್ತಕ್ಕೆ, ಎಂದರೆ ಅವನ್ನು ಹೊರಡಿಸಿದ ಕಚೇರಿಯ ಪ್ರದೇಶಕ್ಕೆ, ಸೇರಿದ್ದವು, ಅದರಾಚೆ ಕಾನೂನುಬದ್ಧವಾಗಿ ಸಲ್ಲುತ್ತಿರಲಿಲ್ಲ; ನೂರು ರೂಪಾಯಿಯ ನೋಟು ದೇಶದಾದ್ಯಂತ ಕಾನೂನುಬದ್ಧವಾಗಿ ಚಲಾವಣೆಗೆ ಬಂದದ್ದು 1911ರಲ್ಲಿ. ಧಾರವಾಡ ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲೇ ಇದ್ದುದರಿಂದ ತಮ್ಮ ಮುತ್ತಜ್ಜನವರಿಗೆ ಅಷ್ಟರಮಟ್ಟಿಗೆ ತೊಂದರೆಯಿರಲಿಲ್ಲ.

ಎರಡೂ ಹೋಳುಗಳ ಸಂಖ್ಯೆ ಒಂದೇ ಆಗಿದೆಯೇ ಎಂದು ದಯವಿಟ್ಟು ನೋಡಿ. ಬಳಿಕ ಬೆಳಕಿಗೆ ಹಿಡಿಯಿರಿ. ಅಸಲಿ ವಾಟರ್‌ಮಾರ್ಕ್ ಕಾಗದದ ಒಡಲಲ್ಲೇ ದಪ್ಪ-ತೆಳುವಾಗಿ ಕಾಣಬೇಕು, ಮೇಲೆ ಬಳಿದಂತೆ ಅಲ್ಲ. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ರೆಜ್ವಾನ್ ರಜಾಕ್ ಅವರು 2020ರಲ್ಲಿ ತೆರೆದ ಕಾಗದದ ಹಣದ ವಸ್ತುಸಂಗ್ರಹಾಲಯದಲ್ಲಿ ಈ ಕಾಲದ ನೋಟುಗಳನ್ನು ಕಣ್ಣಾರೆ ನೋಡಿ ಬಂದರೆ ಹೋಲಿಕೆ ಸುಲಭವಾದೀತು.

ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಇಸ್ತ್ರಿ ಹಾಕುವುದು, ತೊಳೆಯುವುದು, ಹಳೆಯ ಅಂಟನ್ನು ಕಿತ್ತು ಸೆಲೋಟೇಪ್ ಹಚ್ಚುವುದು ಇವೂ ಬೇಡ. ಸಂಗ್ರಾಹಕರು ಸಹಜವಾದ ಮಡಿಕೆಯನ್ನು ಕ್ಷಮಿಸುತ್ತಾರೆ, ರಿಪೇರಿಯನ್ನು ಕ್ಷಮಿಸುವುದಿಲ್ಲ. ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ, ಬಿಸಿಲು ತೇವ ತಾಗದಂತೆ ಇಡಿ.

ಹಿಂಬದಿಯ ಕೈಬರಹ ನನ್ನ ಕಣ್ಣಿಗೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಂತೆ ಕಾಣುತ್ತದೆ. ಮಾರುವ ಮುನ್ನ ಅದನ್ನು ಬಲ್ಲವರಿಂದ ಓದಿಸಿ, ಪೆಟ್ಟಿಗೆಯಲ್ಲಿ ಮುತ್ತಜ್ಜನವರ ಕಿರ್ದಿ ಪುಸ್ತಕವಾಗಲಿ, ಆ ವರ್ಷದ ಅಂಚೆ ಲಕೋಟೆಯಾಗಲಿ ಉಳಿದಿದೆಯೇ ಎಂದು ಇನ್ನೊಮ್ಮೆ ಹುಡುಕಿ. ಕಿರ್ದಿಯಲ್ಲಿ ಈ ನೋಟಿನ ಸಂಖ್ಯೆ ಸಿಕ್ಕರೆ ಎರಡನ್ನೂ ಬೇರೆ ಮಾಡಬೇಡಿ, ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ