ಮದುವೆ, ಕೆಲಸ, ಮಕ್ಕಳ ನಡುವೆ ಗೆಳತಿಯರನ್ನು ಉಳಿಸಿಕೊಳ್ಳುವುದು ಹೇಗೆ? ಯಾವಾಗಲೂ ನಾನೇ ಮೊದಲು ಮೆಸೇಜ್ ಮಾಡಬೇಕಾ?

ಎರಡನೆಯದಕ್ಕೆ ಮೊದಲು ಉತ್ತರಿಸ್ತೀನಿ: ಹೌದು, ನೀವೇ ಮಾಡಿ. ಲೆಕ್ಕ ಇಡಬೇಡಿ. ಪ್ರತಿ ಗುಂಪಿನಲ್ಲೂ ಎಲ್ಲರನ್ನೂ ಎಳೆದು ಸೇರಿಸುವವಳು ಒಬ್ಬಳಿರುತ್ತಾಳೆ. ನಮ್ಮಲ್ಲಿ ಅದು ನಾನು. ಆಗಾಗ ರೇಗುತ್ತೆ, ನಿಜ. ಆದರೆ ಕರೆದರೆ ಬರುತ್ತಾರಲ್ಲ, ಬಂದರೆ ಮನಸಾರೆ ಹರಟುತ್ತಾರಲ್ಲ, ನನಗೆ ಅಷ್ಟು ಸಾಕು.

‘ಇಷ್ಟು ವರ್ಷ ಬಿಟ್ಟು ಈಗ ಮೆಸೇಜ್ ಮಾಡಿದರೆ ಏನಂದುಕೊಳ್ತಾಳೋ’ ಅನ್ನುವ ಮುಜುಗರವೂ ಬೇಡ. ನಾವಾಗಿ ವಿಚಾರಿಸಿಕೊಂಡರೆ ಎದುರಿನವರಿಗೆ ಎಷ್ಟು ಖುಷಿಯಾಗುತ್ತೆ ಅನ್ನುವುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಅಂತ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತೆ. ಅನಿರೀಕ್ಷಿತವಾಗಿದ್ದಷ್ಟೂ ಖುಷಿ ಜಾಸ್ತಿಯಂತೆ.

ಉಳಿಸಿಕೊಳ್ಳುವ ವಿಷಯಕ್ಕೆ ಬಂದರೆ, ಬೇಕಾಗಿರುವುದು ಸಮಯ. ಪರಿಚಯ ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು ಅಂತ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜು ಮಾಡಿದ್ದರು. ತಿಂಗಳಿಗೊಮ್ಮೆ ಎರಡು ಗಂಟೆ ಸಿಕ್ಕರೆ ವರ್ಷಕ್ಕೆ 24 ಗಂಟೆ. ನೀವೇ ಲೆಕ್ಕ ಹಾಕಿ. ಹಾಗಾಗಿ ಭೇಟಿಗೆ ಬಿಡುವು ಸಿಗಲಿ ಅಂತ ಕಾಯುವುದು ದಂಡ. ನನ್ನ ಗೆಳತಿಯೊಬ್ಬಳು ಬಟ್ಟೆ ಮಡಚಲು ಕೂತಾಗ ಫೋನ್ ಮಾಡುತ್ತಾಳೆ. ಫೋನು ಸ್ಪೀಕರ್‌ನಲ್ಲಿ. ‘ಇರೇ, ಬೆಡ್‌ಶೀಟು ಒಂದು ಮಡಚಿಬಿಡ್ತೀನಿ’ ಅಂತ ನಡುವೆ ಮಾಯ. ಆಮೇಲೆ ಸಾಕ್ಸಿನ ಜೋಡಿ ಸಿಗದೆ ಗೊಣಗಾಟ. ನಾನೂ ಈ ಕಡೆ ಪಾತ್ರೆ ತೊಳೀತಿರ್ತೀನಿ. ಮಾತಾಡಲು ವಿಷಯವೇ ಬೇಕಿಲ್ಲ.

ಹೆಂಗಸರ ಸ್ನೇಹದಲ್ಲಿ ನಾನು ನಿಜವಾಗಿ ಹುಷಾರಾಗಿರುವುದು ಇನ್ನೊಂದು ವಿಷಯಕ್ಕೆ. ನಾವು ಮನಸ್ಸು ಬಿಚ್ಚಿ ಕಷ್ಟ ಹೇಳಿಕೊಳ್ತೀವಿ, ಅದೇ ನಮ್ಮ ಬಲ. ಆದರೆ ಅದೇ ಅತ್ತೆ, ಅದೇ ಬಾಸ್, ಅದೇ ಕಥೆ ತಿಂಗಳುಗಟ್ಟಲೆ ಓಡತೊಡಗಿದರೆ? ಮಕ್ಕಳು, ಹದಿಹರೆಯದವರ ಮೇಲೆ ಅಮಾಂಡಾ ರೋಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಸ್ಯೆಯನ್ನೇ ಮತ್ತೆ ಮತ್ತೆ ಕೆದಕಿ ಮಾತಾಡುವ ಹುಡುಗಿಯರ ಸ್ನೇಹವೂ ಗಾಢವಾಯಿತು, ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚಿದವು. ದೊಡ್ಡವರಲ್ಲೂ ನಾನು ಇದನ್ನು ನೋಡಿದ್ದೇನೆ. ಆಪ್ತತೆ ಹೆಚ್ಚುತ್ತಿರುವುದರಿಂದಲೇ ಎಡವಟ್ಟು ಕಣ್ಣಿಗೆ ಬೀಳುವುದಿಲ್ಲ. ಒಂದು ಹಂತ ದಾಟಿದ ಮೇಲೆ ನಾನು ಕೇಳಿಬಿಡ್ತೀನಿ: ‘ಸರಿ ಕಣೇ, ಈಗೇನು ಮಾಡೋಣ ಅಂತಿದೀಯ?’ ಉತ್ತರ ಇಲ್ಲದಿದ್ದರೆ, ‘ಏಳೇ, ಒಂದು ಸುತ್ತು ನಡೆದು ಬರೋಣ.’

ಒಳ್ಳೆಯ ಸುದ್ದಿಗೂ ಕಿವಿಗೊಡಿ. ಬಡ್ತಿ ಸಿಕ್ಕಿತು ಅಂದವಳಿಗೆ ‘ಓ, ಕಂಗ್ರಾಟ್ಸ್’ ಅಂದು ನಮ್ಮ ಗೋಳಿಗೆ ಹಾರುವುದು ಬಹಳ ಸುಲಭ. ಯಾರು ಹೇಳಿದರು, ನೀನೇನಂದೆ, ಮನೆಯಲ್ಲಿ ಏನಂದರು ಅಂತ ಪೂರ್ತಿ ಕೇಳಿ. ಹೊಟ್ಟೆಕಿಚ್ಚು ಚೂರು ಇದ್ದರೂ ಕೇಳಿ.

ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳಿಗೆ ದಾಟಿಸಬಾರದು ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ.

ಇಷ್ಟಾದರೂ ಒಬ್ಬಳು ಮೂರ್ನಾಲ್ಕು ಸಲ ಕರೆದರೂ ಬರಲಿಲ್ಲ, ಬೇರೆ ದಿನವನ್ನೂ ಸೂಚಿಸಲಿಲ್ಲ ಅಂದರೆ ಬಿಟ್ಟುಬಿಡಿ. ಜಗಳ ಬೇಡ, ಉದ್ದದ ಮೆಸೇಜಂತೂ ಬೇಡವೇ ಬೇಡ. ಹುಟ್ಟುಹಬ್ಬಕ್ಕೊಂದು ಶುಭಾಶಯ ಕಳಿಸಿ, ಉಳಿದ ಸಮಯವನ್ನು ಫೋನ್ ಎತ್ತುವವಳಿಗೆ ಕೊಡಿ.