ಫುಟ್‌ಬಾಲ್ ಆಟಗಾರ ಸಾಡಿಯೊ ಮಾನೆ ಸೆನೆಗಲ್‌ನ ಹಳ್ಳಿಯಿಂದ ಯುರೋಪಿನ ದೊಡ್ಡ ಕ್ಲಬ್‌ಗಳಿಗೆ ತಲುಪಿದ್ದು ಹೇಗೆ?

ಮಾನೆ ಹುಟ್ಟಿದ್ದು 1992ರಲ್ಲಿ, ದಕ್ಷಿಣ ಸೆನೆಗಲ್‌ನ ಬಂಬಾಲಿ ಅನ್ನೋ ಹಳ್ಳಿಯಲ್ಲಿ. ಮನೆಯವರಿಗೆ ಫುಟ್‌ಬಾಲ್ ಇಷ್ಟವಿರಲಿಲ್ಲ. ಹದಿಹರೆಯದಲ್ಲೇ ಯಾರಿಗೂ ಹೇಳದೆ ರಾಜಧಾನಿ ಡಾಕರ್‌ಗೆ ಓಡಿಹೋದರು. ಅಲ್ಲಿ ಆಯ್ಕೆಗೆ ನಿಂತಾಗ ಹರಿದ ಬೂಟು, ಆಟಕ್ಕೆ ಹೊಂದದ ಚಡ್ಡಿ. ಇದನ್ನು ಹಾಕ್ಕೊಂಡು ಆಡ್ತೀಯಾ ಅಂತ ಒಬ್ಬ ಹಿರಿಯರು ಕೇಳಿದ್ದರಂತೆ. ಆಟ ನೋಡಿದ ಮೇಲೆ ತಕ್ಷಣ ಸೇರಿಸಿಕೊಂಡರು!

ಹಾಗೆ ಸೇರಿದ ಜೆನೆರಾಸಿಯೊಂ ಫುಟ್ ಅಕಾಡೆಮಿಗೂ ಫ್ರಾನ್ಸಿನ ಮೆಟ್ಜ್ ಕ್ಲಬ್‌ಗೂ ಒಪ್ಪಂದವಿತ್ತು. ಅದೇ ದಾರಿಯಲ್ಲಿ ಮಾನೆ ಫ್ರಾನ್ಸ್ ಸೇರಿದರು. 2012ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್, 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್. 2015ರಲ್ಲಿ ಆಸ್ಟನ್ ವಿಲ್ಲಾ ವಿರುದ್ಧ 2 ನಿಮಿಷ 56 ಸೆಕೆಂಡಿನಲ್ಲಿ ಮೂರು ಗೋಲು. ಚಹಾ ಸೋಸುವಷ್ಟು ಹೊತ್ತು, ಅಷ್ಟೇ! ಆಮೇಲೆ ಲಿವರ್‌ಪೂಲ್‌ನಲ್ಲಿ ಆರು ವರ್ಷ. 2019ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್, ಮರುವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದರು. ನಂತರ ಜರ್ಮನಿಯ ಬೇಯರ್ನ್, 2023ರಲ್ಲಿ ಸೌದಿಯ ಅಲ್ ನಾಸರ್.

ನನಗೆ ಜಾಸ್ತಿ ಇಷ್ಟವಾಗೋದು 2022ರ ಫೆಬ್ರವರಿಯ ಆಫ್ರಿಕಾ ಕಪ್ ಫೈನಲ್. ಈಜಿಪ್ಟ್ ವಿರುದ್ಧ ಶುರುವಿನಲ್ಲೇ ಮಾನೆ ಪೆನಾಲ್ಟಿ ಕಳೆದುಕೊಂಡರು. ಗೋಲಿಲ್ಲದೆ ಪಂದ್ಯ ಶೂಟೌಟ್‌ಗೆ, ಅಂದರೆ ಸರದಿಯಂತೆ ಪೆನಾಲ್ಟಿ ಒದೆಯೋ ಹಂತಕ್ಕೆ ಹೋಯಿತು. ನಿರ್ಣಾಯಕ ಒದೆತಕ್ಕೆ ಬಂದವರು ಮತ್ತೆ ಅವರೇ. ಆ ಹೊತ್ತಿನ ಎದೆಬಡಿತ ಊಹಿಸಿ ನೋಡಿ. ಈ ಸಲ ಚೆಂಡು ಬಲೆಯೊಳಗೆ. ಸೆನೆಗಲ್‌ಗೆ ಅದೇ ಮೊದಲ ಆಫ್ರಿಕಾ ಕಪ್.

ಇನ್ನೊಂದು ಮಾತು. ಮಾನೆ ಚಿಕ್ಕವರಿದ್ದಾಗಲೇ ತಂದೆ ಕಾಯಿಲೆಯಿಂದ ತೀರಿಕೊಂಡರು. ಬಂಬಾಲಿಯಲ್ಲಿ ಆಗ ಆಸ್ಪತ್ರೆ ಇರಲಿಲ್ಲ. 2021ರಲ್ಲಿ ಅಲ್ಲಿ ಆಸ್ಪತ್ರೆ ಶುರುವಾಯಿತು, ಮಾನೆ ಕೊಟ್ಟ ದುಡ್ಡಿನಲ್ಲಿ.