ನಿಮ್ಮ ಲೇಖನದಲ್ಲಿ 50 ಓಮ್ ಎಲ್ಲಿ?

ನಮಸ್ಕಾರ.

ಮೈಕ್ರೋವೇವ್ ಸಿಗ್ನಲ್ ಸಾಗಿಸಲು, ಸ್ವಿಚ್ ಮಾಡಲು ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಪರಮಾಣುಗಳಿಂದಾದ ಅತಿ ಸಣ್ಣ ಕೊಳವೆ) ಬಳಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಬರೀ ಹೊಗಳಿಕೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಈ ಕೊಳವೆಗಳ ಬಗ್ಗೆ ಪ್ರಕಟಿಸಿದ ಪ್ರಬಂಧ, ಉಕ್ಕನ್ನು ಮೀರಿಸುವ ಗಟ್ಟಿತನ, ತಾಮ್ರಕ್ಕಿಂತ ಜಾಸ್ತಿ ಕರೆಂಟ್ ತಾಳುವ ಶಕ್ತಿ. ಎಲ್ಲ ನಿಜ. ಒಂದು ಪ್ಯಾರಾ ಸಾಕು.

‘ತಾಮ್ರದ ಜಾಗದಲ್ಲಿ ಒಂದು ಕೊಳವೆ ಇಟ್ಟರಾಯಿತು’ ಎಂದು ಬರೆದಿದ್ದೀರಿ. ಇಲ್ಲೇ ಎಡವಿದ್ದೀರಿ. ಒಂದೇ ಗೋಡೆಯ, ಲೋಹದ ಗುಣದ ಕೊಳವೆಯಲ್ಲಿ ಎಲೆಕ್ಟ್ರಾನುಗಳಿಗೆ ಇರುವುದು ಕೆಲವೇ ದಾರಿ. ಹಾಗಾಗಿ ಕೊಳವೆ ಎಷ್ಟೇ ಚೊಕ್ಕವಾಗಿದ್ದರೂ ರೆಸಿಸ್ಟೆನ್ಸ್ ಸುಮಾರು 6,450 ಓಮ್‌ಗಿಂತ ಕೆಳಗೆ ಇಳಿಯುವುದಿಲ್ಲ. ಮೈಕ್ರೋವೇವ್ ಕೇಬಲ್, ಉಪಕರಣಗಳ ಇಂಪೀಡೆನ್ಸ್ (ಸಿಗ್ನಲ್ಲಿನ ಅಲೆಗೆ ಒಡ್ಡುವ ತಡೆ) ಸಾಮಾನ್ಯವಾಗಿ 50 ಓಮ್. ಬಾವಿ ಹಗ್ಗದ ತುದಿಗೆ ಹೊಲಿಗೆ ದಾರ ಗಂಟು ಹಾಕಿ ಕುಲುಕಿ ನೋಡಿ. ಅಲೆ ಗಂಟಿನ ತನಕ ಹೋಗಿ ತಿರುಗಿ ಬರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. 100ರಲ್ಲಿ 97 ಪಾಲು ಶಕ್ತಿ ವಾಪಸ್!

ಆದ್ದರಿಂದ ಕೊಳವೆಗಳನ್ನು ಪಕ್ಕಪಕ್ಕ ಇಟ್ಟು ಕಟ್ಟು ಕಟ್ಟಬೇಕು. 50 ಓಮ್‌ಗೆ ಇಳಿಸಲು ಕಡಿಮೆ ಎಂದರೂ 130 ಬೇಕು. ಬೆಳೆಸಿದ ಕೊಳವೆಗಳಲ್ಲಿ ಸುಮಾರು ಮೂರರಲ್ಲೊಂದು ಮಾತ್ರ ಲೋಹದಂತೆ ವರ್ತಿಸುತ್ತದೆ. ಆರಿಸದೆ ಕಟ್ಟಿದರೆ 400ರ ಹತ್ತಿರ ಹೋಗುತ್ತದೆ. ಈ ಲೆಕ್ಕದಿಂದಲೇ ಲೇಖನ ಶುರು ಮಾಡಿ.

ಸ್ವಿಚ್ಚಿನ ಭಾಗ ನನಗೆ ತುಂಬಾ ಹಿಡಿಸಿತು. ಕುಳಿಯ ಮೇಲೆ ಸೇತುವೆಯಂತಿರುವ ಕೊಳವೆ ವೋಲ್ಟೇಜ್ ಕೊಟ್ಟಾಗ ಬಾಗಿ ಕೆಳಗಿನ ಲೋಹವನ್ನು ಮುಟ್ಟುವುದು ಕಣ್ಣಿಗೆ ಕಟ್ಟಿತು. ವೋಲ್ಟೇಜ್ ತೆಗೆದ ಮೇಲೆ? ಅಷ್ಟು ಹತ್ತಿರದಲ್ಲಿ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ ಜೋರು. ಕೊಳವೆ ಅಂಟಿಕೊಂಡೇ ಉಳಿಯಬಹುದು. ಅದನ್ನು ನೀವು ಹೇಳಿಲ್ಲ. ಇನ್ನೊಂದು ಮಾತು. ಸ್ವಿಚ್ ಆಫ್ ಇದ್ದರೂ ನಡುವಿನ ಸಂದಿಯ ಕೆಪಾಸಿಟೆನ್ಸ್ (ಒಂದಕ್ಕೊಂದು ಮುಟ್ಟದಿದ್ದರೂ ಎರಡೂ ಬದಿ ಚಾರ್ಜ್ ಹಿಡಿದಿಡುವ ಗುಣ) ಮೂಲಕ ಮೈಕ್ರೋವೇವ್ ನುಸುಳುತ್ತದೆ. ಒಂಟಿ ಕೊಳವೆ ತೀರಾ ಸಣ್ಣದು, ಸೋರಿಕೆಯೂ ಕಡಿಮೆ. ರೆಸಿಸ್ಟೆನ್ಸ್ ಇಳಿಸಲು ಕೊಳವೆ ಸೇರಿಸುತ್ತಾ ಹೋದಂತೆ ಸೋರಿಕೆಯೂ ಏರುತ್ತದೆ. ಎಂಜಿನಿಯರುಗಳು ಒದ್ದಾಡುವುದು ಈ ಎಳೆದಾಟದಲ್ಲೇ. ಓದುಗರಿಗೆ ಬೇಕಾದದ್ದೂ ಇದೇ.

ಇಂಪೀಡೆನ್ಸ್‌ಗೆ ನೀವೇ ಕಟ್ಟಿದ ಸಂಸ್ಕೃತ ಪದ ಬೇಡ. ಕ್ಲಾಸಿನಲ್ಲಿ ಹೇಳುವಂತೆ ಇಂಪೀಡೆನ್ಸ್ ಎಂದೇ ಬರೆಯಿರಿ. ಹಗ್ಗದ ಉದಾಹರಣೆ ಬೇಕಿದ್ದರೆ ಬಳಸಿಕೊಳ್ಳಿ, ಸಂಕೋಚ ಬೇಡ. ನಾಲ್ಕು ಪುಟ ಎರಡಕ್ಕೆ ಇಳಿಯಲಿ. ಕಾಯುತ್ತಿರುತ್ತೇನೆ.